ವಿತಂಡವಾದಿಯ ಎರಡು ಲೆಕ್ಕ: ಷಾರ್ಲೆಟ್ ಸುತ್ತಲಿನ ತಂಬಾಕು ನಾಡು ಕಲಿಸಿದ ಪಾಠ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರು ಎಲ್ಲಾ ಊರಲ್ಲೂ ಇದ್ದಾರೆ. ದುಬೈ, ದೋಹಾ, ದಮ್ಮಾಮಿನ ರೂಮುಗಳಲ್ಲೂ ರಜೆ ದಿನ ಊಟ ಮುಗಿದ ಮೇಲೆ ಇಂಥ ಒಬ್ಬರಾದ್ರೂ ಸಿಗ್ತಾರೆ. ಇವರು ಹಠವಾದಿಗಳು ಅಷ್ಟೇ, ಕೆಟ್ಟವರಲ್ಲ. ಮೂರೇ ಕಾಲು ಅಂತ ಅವರು ನಿಜವಾಗಿ ನಂಬಿದ್ದಾರೆ. ನಾಲ್ಕನೇ ಕಾಲು ಕಣ್ಣಿಗೆ ಬಿದ್ದ ದಿನ ಸ್ವಲ್ಪ ಮುಖ ಸಿಂಡರಿಸಿ ಒಪ್ಪಿಕೊಂಡರೂ ಒಪ್ಪಿಕೊಂಡಾರು.

ಇನ್ನೊಂದು ಜಾತಿಯ ವಾದಿ ಇದ್ದಾನೆ. ಮೊಲಕ್ಕೆ ನಾಲ್ಕು ಕಾಲು ಅಂತ ಅವನು ತಾನೇ ಎಣಿಸಿ ನೋಡಿದ್ದಾನೆ. ಆದರೂ ಮೂರು ಅಂತಾನೆ, ಯಾಕಂದ್ರೆ ಮೂರು ಅನ್ನುವುದರಲ್ಲಿ ಅವನಿಗೆ ಲಾಭ ಇದೆ. ಇವನ ಮುಂದೆ ಎಷ್ಟು ಸಲ ಕಾಲು ಎಣಿಸಿದರೂ ವಾದ ಮುಗಿಯೋದಿಲ್ಲ. ವಾದ ಮುಗಿಯದೆ ಇರುವುದೇ ಅವನ ಗೆಲುವು. ಈ ಲೇಖನ ಈ ಎರಡನೆಯವನ ಬಗ್ಗೆ.

ಲೆಕ್ಕಪತ್ರದ ಭಾಷೆಯಲ್ಲಿ ಹೇಳೋದಾದ್ರೆ ಇವನ ಹತ್ತಿರ ಎರಡು ಪುಸ್ತಕ ಇರುತ್ತವೆ. ತೋರಿಸುವುದಕ್ಕೆ ಒಂದು, ಒಳಗೆ ಇಟ್ಟುಕೊಳ್ಳುವುದಕ್ಕೆ ಇನ್ನೊಂದು. ತಪ್ಪು ಲೆಕ್ಕ ಬರೆದವನಿಗೂ ಎರಡು ಲೆಕ್ಕ ಬರೆದವನಿಗೂ ಇರುವ ವ್ಯತ್ಯಾಸ ಯಾವ ಆಡಿಟರ್‌ಗೂ ಗೊತ್ತು. ಮೊದಲನೆಯದನ್ನು ತಿದ್ದಬಹುದು. ಎರಡನೆಯದನ್ನು ಹಿಡಿಯಬೇಕು, ಹಿಡಿದು ಮುಚ್ಚಬೇಕು.

ಹಳೆಯ ಶಾಸ್ತ್ರದಲ್ಲಿ ಏನಿದೆ?

ಈ ಸಮಸ್ಯೆ ಮೊಬೈಲ್ ಬಂದ ಮೇಲೆ ಹುಟ್ಟಿದ್ದಲ್ಲ. ಗೌತಮರ ನ್ಯಾಯಸೂತ್ರದಲ್ಲಿ ಚರ್ಚೆಯನ್ನು ಮೂರು ಬಗೆ ಮಾಡಿದ್ದಾರೆ. ಇಬ್ಬರಿಗೂ ಸತ್ಯ ಬೇಕಾಗಿದ್ದರೆ ಅದು ವಾದ. ಗೆಲ್ಲುವುದಷ್ಟೇ ಬೇಕಾಗಿ, ಅದಕ್ಕೆ ಮೋಸದ ಪಟ್ಟನ್ನೂ ಹಾಕಿದರೆ ಅದು ಜಲ್ಪ. ತನ್ನದು ಅಂತ ಯಾವ ಪಕ್ಷವನ್ನೂ ಸ್ಥಾಪಿಸದೆ ಎದುರಿನವನು ಹೇಳಿದ್ದನ್ನೆಲ್ಲಾ ಕೆಡವುತ್ತಾ ಹೋದರೆ ಅದು ವಿತಂಡ. ನಾವು ದಿನಾ ಬಳಸುವ ವಿತಂಡವಾದ ಅನ್ನುವ ಮಾತು ಬಂದದ್ದು ಇಲ್ಲಿಂದಲೇ.

ಮಾತಿನ ಅರ್ಥ ತಿರುಚುವ ಆಟಕ್ಕೆ ನ್ಯಾಯಶಾಸ್ತ್ರ ‘ಛಲ’ ಅಂತ ಹೆಸರು ಕೊಟ್ಟಿದೆ. ಅದಕ್ಕೆ ಕೊಡುವ ಹಳೆಯ ಉದಾಹರಣೆ ‘ನವಕಂಬಳ’. ಒಬ್ಬ ‘ಇವನ ಹತ್ತಿರ ನವ ಕಂಬಳಿ ಇದೆ’ ಅಂತಾನೆ, ಅಂದ್ರೆ ಹೊಸ ಕಂಬಳಿ. ಇನ್ನೊಬ್ಬ ‘ನವ’ ಅಂದ್ರೆ ಒಂಬತ್ತು ಅಂತ ಹಿಡಿದುಕೊಂಡು, ‘ಒಂಬತ್ತು ಎಲ್ಲಿದೆ, ಒಂದೇ ಇದೆಯಲ್ಲ’ ಅಂತ ಜಗಳಕ್ಕೆ ಬರ್ತಾನೆ. ಹೊಸದು ಅನ್ನೋ ಅರ್ಥ ಅವನಿಗೆ ತಿಳಿಯದೆ ಏನಲ್ಲ.

ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ವೈದ್ಯರ ಚರ್ಚೆಯನ್ನೂ ಎರಡು ಬಗೆ ಮಾಡಿದ್ದಾರೆ. ಸ್ನೇಹದ್ದು ಸಂಧಾಯ ಸಂಭಾಷೆ, ಜಗಳದ್ದು ವಿಗೃಹ್ಯ ಸಂಭಾಷೆ. ಬಾಯಿ ತೆರೆಯುವ ಮೊದಲು ಎದುರಾಳಿಯನ್ನಷ್ಟೇ ಅಲ್ಲ, ಕೂತು ಕೇಳುತ್ತಿರುವ ಸಭೆಯನ್ನೂ ಪರೀಕ್ಷೆ ಮಾಡಬೇಕು ಅನ್ನುತ್ತದೆ ಆ ಗ್ರಂಥ. ಈ ಸಭೆಯ ವಿಷಯ ಮುಂದೆ ಬೇಕಾಗುತ್ತದೆ.

ಷಾರ್ಲೆಟ್ ಸುತ್ತಮುತ್ತ

ಎರಡು ಲೆಕ್ಕದ ವಾದ ಹೇಗಿರುತ್ತೆ ಅಂತ ನೋಡಬೇಕಾದ್ರೆ ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯಕ್ಕೆ ಹೋಗಬೇಕು. ಅಲ್ಲಿನ ದೊಡ್ಡ ನಗರ ಷಾರ್ಲೆಟ್. ಬ್ಯಾಂಕ್ ಆಫ್ ಅಮೆರಿಕದ ಮುಖ್ಯ ಕಚೇರಿ ಅಲ್ಲೇ ಇದೆ. ಬ್ಯಾಂಕು, ಸಾಫ್ಟ್‌ವೇರ್ ಕೆಲಸಕ್ಕೆ ಹೋದ ಕನ್ನಡದ ಕುಟುಂಬಗಳೂ ಇವೆ. ಆದರೆ ಬ್ಯಾಂಕಿಗಿಂತ ಮೊದಲು ಆ ರಾಜ್ಯಕ್ಕೆ ಹಣ ತಂದದ್ದರಲ್ಲಿ ತಂಬಾಕು ದೊಡ್ಡದು. ಷಾರ್ಲೆಟ್‌ಗೆ ಕರೆಂಟ್ ಕೊಡುವ ಡ್ಯೂಕ್ ಎನರ್ಜಿ ಕಂಪನಿ ಬೆಳೆದದ್ದು ಸಿಗರೇಟಿನಲ್ಲಿ ದುಡಿದ ಜೇಮ್ಸ್ ಡ್ಯೂಕ್ ಹೂಡಿದ ಹಣದಿಂದ. ನಗರದ ಪಕ್ಕದ ಕಾಂಕರ್ಡ್‌ನಲ್ಲಿ ಫಿಲಿಪ್ ಮಾರಿಸ್‌ನ ಭಾರಿ ಸಿಗರೇಟ್ ಕಾರ್ಖಾನೆ ಇತ್ತು, 2009ರಲ್ಲಿ ಮುಚ್ಚಿತು. ಸುಮಾರು 130 ಕಿಲೋಮೀಟರ್ ದೂರದ ವಿನ್‌ಸ್ಟನ್-ಸೇಲಂ ಊರು ಕ್ಯಾಮೆಲ್, ವಿನ್‌ಸ್ಟನ್ ಸಿಗರೇಟುಗಳನ್ನು ಮಾರುಕಟ್ಟೆಗೆ ತಂದ ಆರ್.ಜೆ. ರೆನಾಲ್ಡ್ಸ್ ಕಂಪನಿಯ ತವರು.

1950ರಲ್ಲಿ ಬ್ರಿಟನ್‌ನಲ್ಲಿ ಡಾಲ್ ಮತ್ತು ಹಿಲ್, ಅಮೆರಿಕದಲ್ಲಿ ವಿಂಡರ್ ಮತ್ತು ಗ್ರಹಾಂ ಅನ್ನುವ ಸಂಶೋಧಕರು ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ನಂಟು ಇದೆ ಅಂತ ಅಂಕಿ ಸಮೇತ ತೋರಿಸಿದರು. 1953ರ ಫೆಬ್ರವರಿಯಲ್ಲಿ ರೆನಾಲ್ಡ್ಸ್ ಕಂಪನಿಯ ಸ್ವಂತ ರಸಾಯನ ತಜ್ಞ ಕ್ಲಾಡ್ ಟೀಗ್ ಇದುವರೆಗಿನ ಸಂಶೋಧನೆ ಎಲ್ಲಾ ಓದಿ, ಅವು ಈ ನಂಟನ್ನು ದೃಢಪಡಿಸುವ ಕಡೆಗೇ ಇವೆ ಅಂತ ಒಳಗಿನ ವರದಿ ಬರೆದ. ಇದು ಒಳಗಿನ ಪುಸ್ತಕ.

ಒಂದು ವರ್ಷವೂ ಆಗಿರಲಿಲ್ಲ. 1954ರ ಜನವರಿ 4ರಂದು ತಂಬಾಕು ಕಂಪನಿಗಳು ಸೇರಿ 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ‘ಸಿಗರೇಟು ಸೇದುವವರಿಗೆ ನೇರ ಹೇಳಿಕೆ’ ಅನ್ನುವ ಅರ್ಥದ ಜಾಹೀರಾತು ಹಾಕಿದವು. ನಮ್ಮ ಸರಕಿನಿಂದ ಹಾನಿ ಇಲ್ಲ ಅಂತ ನಂಬಿದ್ದೇವೆ, ಜನರ ಆರೋಗ್ಯ ನಮ್ಮ ಜವಾಬ್ದಾರಿ, ಇನ್ನೂ ಸಂಶೋಧನೆ ಆಗಲಿ, ನಾವೇ ದುಡ್ಡು ಕೊಡುತ್ತೇವೆ ಅನ್ನುವುದು ಅದರ ಸಾರ. ಇದು ಹೊರಗಿನ ಪುಸ್ತಕ.

ಆಮೇಲೆ ಎರಡೂ ಪುಸ್ತಕ ಜೊತೆಜೊತೆಗೆ ನಡೆದವು. ವಿನ್‌ಸ್ಟನ್-ಸೇಲಂನಲ್ಲೇ ಹುಟ್ಟಿ ಕೆಂಟಕಿಗೆ ಹೋದ ಬ್ರೌನ್ ಅಂಡ್ ವಿಲಿಯಮ್ಸನ್ ಕಂಪನಿಯ ಕಾನೂನು ಮುಖ್ಯಸ್ಥ 1963ರಲ್ಲೇ ನಿಕೋಟಿನ್ ಚಟ ಹಿಡಿಸುತ್ತದೆ ಅಂತ ಒಳಗೆ ಬರೆದಿಟ್ಟಿದ್ದ. ಅದೇ ಕಂಪನಿಯ 1969ರ ಇನ್ನೊಂದು ಟಿಪ್ಪಣಿ, ಜನರ ಮನಸ್ಸಿನಲ್ಲಿ ಅನುಮಾನ ಉಳಿಸುವುದೇ ತಮ್ಮ ಸರಕು ಅಂತ ಬಿಡಿಸಿ ಹೇಳಿತು. ಆದರೆ 1994ರ ಏಪ್ರಿಲ್ 14ರಂದು ವಾಷಿಂಗ್ಟನ್‌ನಲ್ಲಿ ಹೆನ್ರಿ ವ್ಯಾಕ್ಸ್‌ಮನ್ ಅಧ್ಯಕ್ಷತೆಯ ಸಂಸತ್ ಉಪಸಮಿತಿ ಮುಂದೆ ಏಳು ಕಂಪನಿಗಳ ಮುಖ್ಯಸ್ಥರು ಕೈ ಎತ್ತಿ ಪ್ರಮಾಣ ಮಾಡಿ, ನಿಕೋಟಿನ್ ಚಟ ಹಿಡಿಸುವುದಿಲ್ಲ ಅಂತ ನಂಬಿದ್ದೇವೆ ಅಂದರು.

ಅವರು ಹಾಕಿದ ಐದು ಪಟ್ಟು

ಈ 40 ವರ್ಷದ ವಾದದಲ್ಲಿ ಬಳಕೆಯಾದ ಪಟ್ಟುಗಳು ಇವತ್ತು ರೂಮಿನಲ್ಲಿ, ಸಂಘದ ಸಭೆಯಲ್ಲಿ, ಮೊಬೈಲ್ ಗುಂಪಿನಲ್ಲಿ ಎಲ್ಲಾ ಕಡೆ ಸಿಗುತ್ತವೆ.

1. ಗೆರೆ ಸರಿಸುವುದು. ಅಂಕಿಅಂಶ ಕೊಟ್ಟರೆ, ಅಂಕಿಅಂಶ ಸಾಕ್ಷಿ ಅಲ್ಲ ಅಂದರು. ಇಲಿಗಳ ಮೇಲಿನ ಪ್ರಯೋಗ ತೋರಿಸಿದರೆ, ಇಲಿ ಮನುಷ್ಯ ಅಲ್ಲ ಅಂದರು. ಕೇಳಿದ್ದು ಕೊಟ್ಟ ತಕ್ಷಣ ಕೇಳುವುದೇ ಬದಲಾಗುತ್ತದೆ.

2. ಬೇರೆ ಕಡೆ ಕೈ ತೋರಿಸುವುದು. ಕ್ಯಾನ್ಸರಿಗೆ ವಾಯುಮಾಲಿನ್ಯ ಕಾರಣ ಇರಬಹುದಲ್ಲ, ವಂಶದ ಗುಣ ಇರಬಹುದಲ್ಲ? ಇರಬಹುದು. ಆದರೆ ಪ್ರಶ್ನೆ ಸಿಗರೇಟಿನದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

3. ಅರ್ಥ ತಿರುಚುವುದು. ರೆನಾಲ್ಡ್ಸ್ ಮುಖ್ಯಸ್ಥ ಜೇಮ್ಸ್ ಜಾನ್‌ಸ್ಟನ್ 1994ರಲ್ಲಿ ಸಿಗರೇಟಿನ ಚಟವನ್ನು ಕಾಫಿ, ಟೀ, ಟ್ವಿಂಕಿ ಅನ್ನುವ ಸಿಹಿತಿಂಡಿಗೆ ಹೋಲಿಸಿದರು. ‘ಚಟ’ ಅನ್ನುವ ಮಾತನ್ನು ಹಿಗ್ಗಿಸಿಬಿಟ್ಟರೆ ಅದಕ್ಕೆ ಅರ್ಥವೇ ಉಳಿಯುವುದಿಲ್ಲ. ನವಕಂಬಳದ ಆಟವೇ ಇದು.

4. ಪ್ರಶ್ನೆಗಳ ಮಳೆ. ಒಂದಕ್ಕೆ ಉತ್ತರ ಹೇಳುವಷ್ಟರಲ್ಲಿ ಹತ್ತು ಹೊಸ ಪ್ರಶ್ನೆ. ಅಮೆರಿಕದ ಮಾನವಶಾಸ್ತ್ರಜ್ಞೆ ಯೂಜೀನಿ ಸ್ಕಾಟ್ 1994ರಲ್ಲಿ ಇನ್ನೊಂದು ವಿಷಯದ ಚರ್ಚೆ ನೋಡಿ ಇದಕ್ಕೆ ‘ಗಿಷ್ ಗ್ಯಾಲಪ್’ ಅಂತ ಹೆಸರಿಟ್ಟರು. ಡ್ವೇನ್ ಗಿಷ್ ಅನ್ನುವ ವಾದಿಯ ಮಾತು ಕುದುರೆ ಓಟದ ಹಾಗೆ ಇರುತ್ತಿತ್ತಂತೆ. ಇಟಲಿಯ ಪ್ರೋಗ್ರಾಮರ್ ಆಲ್ಬರ್ಟೊ ಬ್ರಾಂಡೊಲಿನಿ 2013ರಲ್ಲಿ ಇದರ ಲೆಕ್ಕ ಹೇಳಿದ: ಸುಳ್ಳು ಹೇಳೋಕೆ ಬೇಕಾದ ಶ್ರಮಕ್ಕಿಂತ ಅದನ್ನು ಅಲ್ಲಗಳೆಯೋಕೆ ಹತ್ತು ಪಟ್ಟಿನ ಮಟ್ಟದಲ್ಲಿ ಹೆಚ್ಚು ಶ್ರಮ ಬೇಕು. ಎಲ್ಲದಕ್ಕೂ ಉತ್ತರ ಕೊಡ್ತೀನಿ ಅಂತ ಹೊರಟವನು ನಷ್ಟದಲ್ಲೇ ವ್ಯಾಪಾರ ಶುರು ಮಾಡಿದ ಹಾಗೆ.

5. ಕೇಳಿದವನ ಮೇಲೆ ಬೀಳುವುದು. ಬ್ರೌನ್ ಅಂಡ್ ವಿಲಿಯಮ್ಸನ್‌ನ ಸಂಶೋಧನಾ ವಿಭಾಗದಲ್ಲಿ ಇದ್ದ ಜೆಫ್ರಿ ವೈಗಂಡ್ ಒಳಗಿನ ವಿಷಯ ಹೊರಗೆ ಹೇಳಿದಾಗ, ಅವರ ನಡತೆ ಸರಿ ಇಲ್ಲ ಅಂತ ತೋರಿಸಲು 500 ಪುಟದ ಕಡತವೇ ತಯಾರಾಯಿತು. 1996ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಅದನ್ನು ಪರಿಶೀಲಿಸಿ, ಮುಖ್ಯ ಆರೋಪಗಳಲ್ಲಿ ಹಲವಕ್ಕೆ ಆಧಾರ ಸಾಲದು ಅಂತ ಬರೆಯಿತು. ವೈಗಂಡ್ ಹೇಗಿದ್ದರೇನು, ಅವರು ಹೇಳಿದ್ದು ನಿಜವೋ ಸುಳ್ಳೋ ಅನ್ನುವುದು ಪ್ರಶ್ನೆ. ಆ ಪ್ರಶ್ನೆಯಿಂದ ಜನರ ಕಣ್ಣು ತಪ್ಪಿಸುವುದೇ ಈ ಪಟ್ಟಿನ ಕೆಲಸ.

ಲೆಕ್ಕ ಮುಚ್ಚಿದ್ದು ಹೇಗೆ?

ವಾದದಿಂದ ಇದು ಮುಗಿಯಲಿಲ್ಲ. ಒಳಗಿನ ಪುಸ್ತಕ ಹೊರಗೆ ಬಂದದ್ದರಿಂದ ಮುಗಿಯಿತು. ಬ್ರೌನ್ ಅಂಡ್ ವಿಲಿಯಮ್ಸನ್‌ನ ದಾಖಲೆಗಳು ಸೋರಿ, 1995ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೋ ಶಾಖೆ ಅವನ್ನು ಎಲ್ಲರಿಗೂ ಓದಲು ಇಟ್ಟಿತು. 1997ರಲ್ಲಿ ಲಿಗೆಟ್ ಅನ್ನುವ ಕಂಪನಿ ಗುಂಪು ಬಿಟ್ಟು ಹೊರಬಂದು, ಹೌದು, ಸಿಗರೇಟು ಕ್ಯಾನ್ಸರ್ ತರುತ್ತದೆ, ಚಟವನ್ನೂ ಹಿಡಿಸುತ್ತದೆ ಅಂತ ಒಪ್ಪಿತು. 1998ರಲ್ಲಿ 46 ರಾಜ್ಯಗಳ ಜೊತೆ ಭಾರಿ ಮೊತ್ತದ ಒಪ್ಪಂದ ಆಯಿತು.

ಕೊನೆಗೆ 2006ರ ಆಗಸ್ಟ್ 17ರಂದು ವಾಷಿಂಗ್ಟನ್‌ನ ಫೆಡರಲ್ ನ್ಯಾಯಾಧೀಶೆ ಗ್ಲಾಡಿಸ್ ಕೆಸ್ಲರ್ 1,600ಕ್ಕೂ ಹೆಚ್ಚು ಪುಟದ ತೀರ್ಪು ಕೊಟ್ಟರು. ಅವರು ಮಾಡಿದ್ದು ಒಂದು ರೀತಿಯ ಆಡಿಟ್. ಕಂಪನಿ ಹೊರಗೆ ಹೇಳಿದ್ದನ್ನೂ ಒಳಗೆ ಬರೆದಿದ್ದನ್ನೂ ಅಕ್ಕಪಕ್ಕ ಇಟ್ಟು, ತಾರೀಖು ಸಮೇತ ತಾಳೆ ನೋಡಿದರು. ಕಂಪನಿಗಳು ಗೊತ್ತಿದ್ದೂ ಜನರಿಗೆ ಮೋಸ ಮಾಡಿದವು ಅಂತ ತೀರ್ಮಾನ ಆಯಿತು. ನಿಜ ಸಂಗತಿ ಹೇಳುವ ತಿದ್ದುಪಡಿ ಜಾಹೀರಾತು ಹಾಕಬೇಕು ಅಂತ ಆದೇಶವೂ ಆಯಿತು. ಮೇಲ್ಮನವಿ, ಪದಗಳ ಮೇಲಿನ ತಕರಾರು ಎಲ್ಲಾ ಮುಗಿದು ಆ ಜಾಹೀರಾತು ಬರಲು ಶುರುವಾದದ್ದು 2017ರ ನವೆಂಬರ್‌ನಲ್ಲಿ. 1954ರ ಜಾಹೀರಾತಿನಿಂದ ಲೆಕ್ಕ ಹಾಕಿದರೆ 63 ವರ್ಷ.

ಈ 63 ವರ್ಷದ ಬೆಲೆ ಏನು ಅಂತ ಕೇಳಿದರೆ ಅಟ್ಲಾಂಟಾದಲ್ಲಿರುವ ಸಿಡಿಸಿ, ಅಂದ್ರೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಅಂದಾಜು ನೋಡಬೇಕು. ಅಮೆರಿಕ ಒಂದರಲ್ಲೇ ಸಿಗರೇಟಿನಿಂದ ವರ್ಷಕ್ಕೆ 4,80,000ಕ್ಕೂ ಹೆಚ್ಚು ಜನ ಸಾಯುತ್ತಾರೆ ಅನ್ನುತ್ತದೆ ಅದು. ಕಂಪನಿಗಳು ವಾದದಲ್ಲಿ ಗೆಲ್ಲಬೇಕಾಗಿರಲಿಲ್ಲ, ವಾದ ನಡೆಯುತ್ತಾ ಇದ್ದರೆ ಸಾಕಿತ್ತು.

ನಮ್ಮ ಕಡೆಯ ಒಂದು ಅಧ್ಯಾಯ

ಭಾರತದಲ್ಲಿ ತಂಬಾಕು ಪ್ಯಾಕೆಟ್‌ನ ಶೇ. 85 ಭಾಗದಲ್ಲಿ ಚಿತ್ರದ ಎಚ್ಚರಿಕೆ ಇರಬೇಕು ಅನ್ನುವ ನಿಯಮ 2015ರ ಏಪ್ರಿಲ್ 1ಕ್ಕೆ ಬರಬೇಕಿತ್ತು. ಅಷ್ಟರಲ್ಲಿ ಸಂಸತ್ತಿನ ಅಧೀನ ಶಾಸನ ಸಮಿತಿ, ತಂಬಾಕು ಮತ್ತು ಕ್ಯಾನ್ಸರ್ ಬಗ್ಗೆ ಇರುವ ಅಧ್ಯಯನ ಎಲ್ಲಾ ವಿದೇಶದ್ದು, ಭಾರತದ್ದು ಬೇಕು ಅನ್ನುವ ವಾದ ಎತ್ತಿತು. ನಿಯಮ ಒಂದು ವರ್ಷ ಮುಂದೆ ಹೋಯಿತು. ಮುಂಬೈನ ಸಂಘ್ವಿ, ರಾವ್, ಖಾನೋಲ್ಕರ್ ಅವರು ತಂಬಾಕು ಮತ್ತು ಬಾಯಿ, ಗಂಟಲಿನ ಕ್ಯಾನ್ಸರ್ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದದ್ದು 1955ರಲ್ಲಿ. ಅಂದ್ರೆ ಕೇಳಿದ ಓಚರ್ 60 ವರ್ಷದಿಂದ ಫೈಲಿನಲ್ಲೇ ಇತ್ತು. ಮುಂದೆ 2017ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮ ರದ್ದು ಮಾಡಿತು, 2018ರ ಜನವರಿ 8ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ಇಲ್ಲಿ ಎಚ್ಚರ ಬೇಕು. ಸಮಿತಿಯವರ ಮನಸ್ಸಿನಲ್ಲಿ ಎರಡು ಲೆಕ್ಕ ಇತ್ತು ಅಂತ ಇದರಿಂದ ಸಾಬೀತಾಗೋದಿಲ್ಲ. ಗೊತ್ತಿಲ್ಲದೆಯೂ ಇಂಥ ಮಾತು ಬರಬಹುದು. ಹಾಗೆಯೇ ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರ, ದಕ್ಷಿಣ ಕನ್ನಡದ ಬೀಡಿ ಕಟ್ಟುವ ಹೆಂಗಸು ‘ಇದು ನಿಂತರೆ ನಾವು ಏನು ತಿನ್ನೋದು?’ ಅಂತ ಕೇಳಿದರೆ ಅದು ವಿತಂಡ ಅಲ್ಲವೇ ಅಲ್ಲ. ಅವರ ಒಳಗಿನ ಲೆಕ್ಕ, ಹೊರಗಿನ ಲೆಕ್ಕ ಒಂದೇ. ಅದಕ್ಕೆ ಉತ್ತರ ಕೊಡಲೇಬೇಕು. ನಮಗೆ ಇಷ್ಟವಿಲ್ಲದ ಮಾತೆಲ್ಲಾ ವಿತಂಡ ಅಂತ ಹಣೆಪಟ್ಟಿ ಹಚ್ಚುವುದೂ ಒಂದು ವಿತಂಡವೇ.

ಉತ್ತರ ಕೊಡುವ ಕ್ರಮ

ಮೊದಲು ಪ್ರಾಮಾಣಿಕ ಅಂತಲೇ ಹಿಡಿದುಕೊಳ್ಳಿ. ಒಂದು ಸಲ ಪೂರ್ತಿ, ಸಮಾಧಾನವಾಗಿ ಉತ್ತರ ಕೊಡಿ. ಹಠವಾದಿಯೋ ವಿತಂಡವಾದಿಯೋ ಅನ್ನುವುದು ಮೊದಲ ಉತ್ತರ ಕೊಟ್ಟ ಮೇಲೆಯೇ ಗೊತ್ತಾಗೋದು.

ಎರಡನೇ ಸಲಕ್ಕೆ ಒಂದೇ ಪ್ರಶ್ನೆ ಕೇಳಿ: ‘ಏನು ತೋರಿಸಿದರೆ ನೀವು ಒಪ್ತೀರಿ?’ ಸತ್ಯ ಬೇಕಾದವನು ಯೋಚಿಸಿ ಏನಾದರೂ ಹೇಳ್ತಾನೆ. ಅದನ್ನು ಬರೆದಿಟ್ಟುಕೊಳ್ಳಿ, ಆಗ ಗೆರೆ ಸರಿಸೋಕೆ ಆಗೋದಿಲ್ಲ. ‘ಏನು ತೋರಿಸಿದರೂ ಇಲ್ಲ’ ಅಂದರೆ ಅಥವಾ ಮಾತು ಬದಲಿಸಿದರೆ ನಿಮಗೆ ಉತ್ತರ ಸಿಕ್ಕಿತು.

ಒಂದು ಸಲಕ್ಕೆ ಒಂದೇ ವಿಷಯ. ಹತ್ತು ಪ್ರಶ್ನೆ ಬಂದರೆ ಅದರಲ್ಲಿ ಮುಖ್ಯವಾದ ಒಂದನ್ನು ಆರಿಸಿ, ಇದು ಮುಗಿದ ಮೇಲೆ ಮುಂದಿನದ್ದು ಅನ್ನಿ.

ಓಚರ್ ತರುವುದು ಹೇಳಿದವನ ಕೆಲಸ. ‘ಅಲ್ಲ ಅಂತ ನೀನೇ ಸಾಬೀತು ಮಾಡು’ ಅಂದರೆ ಒಪ್ಪಬೇಡಿ. ಖರ್ಚು ಬರೆದವನೇ ರಸೀದಿ ಇಡಬೇಕು.

ಕೇಳುತ್ತಿರುವ ಸಭೆಗೆ ಮಾತಾಡಿ. ಚರಕ ಸಂಹಿತೆ ಹೇಳಿದ್ದು ಇದನ್ನೇ. ವಿತಂಡವಾದಿ ಒಪ್ಪುವುದಿಲ್ಲ, ಆದರೆ ಪಕ್ಕದಲ್ಲಿ ಸುಮ್ಮನೆ ಕೂತ ಮೂರನೆಯವನು ತೀರ್ಮಾನ ಮಾಡ್ತಾ ಇರ್ತಾನೆ. ಮೊದಲು ನಿಜ ಸಂಗತಿ ಹೇಳಿ, ಮಧ್ಯೆ ಚಿಕ್ಕದಾಗಿ ಸುಳ್ಳು ಯಾವುದು ಅಂತ ಹೇಳಿ, ಕೊನೆಗೆ ಮತ್ತೆ ನಿಜ ಸಂಗತಿ ಹೇಳಿ. ಸುಳ್ಳನ್ನೇ ಹತ್ತು ಸಲ ಎತ್ತಿ ಆಡಿದರೆ ಅದೇ ತಲೆಯಲ್ಲಿ ಉಳಿಯುತ್ತೆ.

ಲೆಕ್ಕ ಮುಚ್ಚುವ ತಾರೀಖು ಇಟ್ಟುಕೊಳ್ಳಿ. ‘ನನ್ನ ಮಾತು ಹೇಳಿದ್ದೇನೆ, ಹೊಸ ದಾಖಲೆ ಬಂದರೆ ಮತ್ತೆ ಮಾತಾಡೋಣ’ ಅಂತ ಹೇಳಿ ಏಳಿ. ಇದು ಸೋಲಲ್ಲ. ಹಾಡಿದ್ದೇ ಹಾಡೋ ಕಿಸಬಾಯಿ ದಾಸನಿಗೆ ತಾಳ ಹಾಕೋ ಕೆಲಸ ನಿಮ್ಮದಲ್ಲ.

ಒಂದು ಉದಾಹರಣೆ

ಲೇಬರ್ ಕ್ಯಾಂಪಿನಲ್ಲಿ ಊರ ಕಡೆಯವನೇ ಒಬ್ಬ ಬಂದು ತಿಂಗಳಿಗೆ ಶೇ. 10 ಲಾಭದ ಸ್ಕೀಮ್ ಹೇಳ್ತಾನೆ ಅಂತ ಇಟ್ಟುಕೊಳ್ಳಿ.

‘ಕಂಪನಿ ಲೈಸೆನ್ಸ್ ಮತ್ತು ಆಡಿಟ್ ಆದ ಲೆಕ್ಕ ತೋರಿಸಿ.’

‘ಬ್ಯಾಂಕಿನವರು ಮೋಸ ಮಾಡಲ್ವಾ?’

‘ಬ್ಯಾಂಕಿನ ಮಾತು ಆಮೇಲೆ. ಈಗ ನಿಮ್ಮ ಲೆಕ್ಕ.’

‘ಊರಿನವನ ಮೇಲೆ ನಂಬಿಕೆ ಇಲ್ವಾ? ನಿನಗೆ ಹೊಟ್ಟೆಕಿಚ್ಚು.’

‘ಹೊಟ್ಟೆಕಿಚ್ಚೇ ಇರಲಿ. ತಿಂಗಳಿಗೆ ಹತ್ತು ಅಂದರೆ ವರ್ಷಕ್ಕೆ 120. ಅಷ್ಟು ಲಾಭ ಬರೋದು ಯಾವ ವ್ಯಾಪಾರದಿಂದ? ಕಾಗದ ತಂದರೆ ಕೂತು ನೋಡೋಣ.’

ಮೇಲಿನ ಪಟ್ಟಿಯ ಎರಡನೇ ಪಟ್ಟು, ಐದನೇ ಪಟ್ಟು ಎರಡೂ ಇಲ್ಲಿವೆ. ಕೇಳಿದವನು ಎರಡಕ್ಕೂ ಹೊರಳಲಿಲ್ಲ, ಸಿಟ್ಟಿಗೂ ಏಳಲಿಲ್ಲ. ಸ್ಕೀಮಿನವನು ಬದಲಾಗುವುದಿಲ್ಲ, ನಿಜ. ಆದರೆ ಪಕ್ಕದ ಮಂಚದ ಮೇಲೆ ಕೂತು ಕೇಳುತ್ತಿದ್ದ ಹುಡುಗ ಮಗಳ ಫೀಸಿಗೆ ಇಟ್ಟ ದುಡ್ಡು ಕೈಬಿಡದೆ ಉಳಿಸಿಕೊಳ್ಳಬಹುದು. ಆ ಮಾತು ಅವನಿಗಾಗಿಯೇ ಆಡಿದ್ದು.

ಗಲ್ಫ್‌ನಲ್ಲಿರುವವರು ಗಮನಿಸಿ

ಬೈಗುಳ ಇಲ್ಲಿ ಬರೀ ಬಾಯಿ ಚಪಲ ಅಲ್ಲ. ಯುಎಇಯ 2021ರ 34ನೇ ಫೆಡರಲ್ ಕಾನೂನು 2022ರ ಜನವರಿ 2ರಿಂದ ಜಾರಿಯಲ್ಲಿದೆ. ಅದರ 43ನೇ ವಿಧಿಯಂತೆ ಮೊಬೈಲ್, ಇಂಟರ್‌ನೆಟ್ ಮೂಲಕ ಇನ್ನೊಬ್ಬರನ್ನು ಅವಮಾನ ಮಾಡಿದರೆ ಜೈಲು, 2,50,000ದಿಂದ 5,00,000 ದಿರ್ಹಂವರೆಗೆ ದಂಡ, ಅಥವಾ ಎರಡೂ ಆಗಬಹುದು. 52ನೇ ವಿಧಿಯಂತೆ ಸುಳ್ಳು ಸುದ್ದಿ, ವದಂತಿ ಹರಡಿದರೆ ಕನಿಷ್ಠ ಒಂದು ವರ್ಷ ಜೈಲು, ಕನಿಷ್ಠ 1,00,000 ದಿರ್ಹಂ ದಂಡ. ಬೇರೆ ಗಲ್ಫ್ ದೇಶಗಳಲ್ಲಿ ಇರುವವರು ಆಯಾ ದೇಶದ ಕಾನೂನು ತಿಳಿದುಕೊಳ್ಳಬೇಕು.

ವಿತಂಡವಾದಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ತಾನು ತಣ್ಣಗೆ ಪ್ರಶ್ನೆ ಕೇಳ್ತಾ ಕೇಳ್ತಾ ನಿಮ್ಮನ್ನು ಸಿಟ್ಟಿಗೆಬ್ಬಿಸಿ, ನಿಮ್ಮ ಕೈಯಿಂದ ಒಂದು ಕೆಟ್ಟ ಮಾತು ಬರೆಸಿಕೊಂಡರೆ ಅವನ ಕೆಲಸ ಆಯಿತು. ಆಮೇಲೆ ಪೊಲೀಸ್ ಠಾಣೆಯಲ್ಲಿ ನಿಲ್ಲಬೇಕಾದವರು ನೀವು. ಬರೆದದ್ದನ್ನು ಕಳಿಸುವ ಮೊದಲು ಒಮ್ಮೆ ಎದ್ದು ನೀರು ಕುಡಿದು ಬಂದು ಮತ್ತೆ ಓದಿ. ಅವನು ಆಡಿದ ಮಾತನ್ನು ತಾರೀಖು ಸಮೇತ ಉಳಿಸಿ ಇಟ್ಟುಕೊಳ್ಳಿ. ಕೆಸ್ಲರ್ ಅವರ ಮೇಜಿನ ಮೇಲೆ ಕೆಲಸಕ್ಕೆ ಬಂದದ್ದೂ ತಾರೀಖು ಇದ್ದ ಕಾಗದವೇ.